ಒಂದೇ ಕೋಣೆಯಲ್ಲಿ ಅಣ್ಣ-ತಮ್ಮ: ಇಬ್ಬರನ್ನೂ ಹೊತ್ತಿಗೆ ಸರಿಯಾಗಿ ಮಲಗಿಸುವುದು ಹೇಗೆ?

ದೀಪ ಆರಿಸಿ, ಬಾಗಿಲು ಮುಂದೆ ಮಾಡಿ ಬಂದಿರುತ್ತೀರಿ. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಕಿಸಕ್ಕನೆ ಒಂದು ನಗು. ಅದರ ಹಿಂದೆಯೇ ಇನ್ನೊಂದು. ದಿಂಬು ಗೋಡೆಗೆ ಬಡಿದ ಸದ್ದು. "ಅಮ್ಮಾ, ಇವ್ನು ನನ್ನ ಹೊದಿಕೆ ಎಳೀತಾನೆ!" 9 ಗಂಟೆಗೆ ಮಲಗಿಸಿದ ಮಕ್ಕಳು 10:30 ಆದರೂ ಎಚ್ಚರ. ಬೆಳಿಗ್ಗೆ ಎಬ್ಬಿಸುವಾಗ ಮತ್ತೆ ರಂಪ.

ಇಬ್ಬರು ಚಿಕ್ಕ ಗಂಡುಮಕ್ಕಳಿರುವ ಅಪ್ಪ-ಅಮ್ಮಂದಿರು ಇದೊಂದರಲ್ಲಿ ಪದೇ ಪದೇ ಸೋಲುವುದನ್ನು ನೋಡುತ್ತಲೇ ಇದ್ದೇನೆ. ಕತೆ ಹೇಳಿರುತ್ತಾರೆ, ಗದರಿಸಿರುತ್ತಾರೆ, ಆಸೆ ತೋರಿಸಿರುತ್ತಾರೆ. ಪ್ರಯತ್ನದಲ್ಲಿ ಕೊರತೆ ಇಲ್ಲ. ತಪ್ಪುವುದು ಎರಡು ಕಡೆ. ಒಂದು, ದೀಪ ಆರಿಸುವುದರಿಂದ ಕೆಲಸ ಶುರು ಮಾಡುತ್ತಾರೆ. ಅದು ನಡುವೆ ಬರುವ ಹಂತ, ಶುರುವಾಗುವುದು ಬೆಳಿಗ್ಗೆ. ಎರಡು, ಇಬ್ಬರನ್ನೂ ಒಂದೇ ಹೊತ್ತಿಗೆ ಹಾಸಿಗೆಗೆ ಕಳಿಸುತ್ತಾರೆ.

ಮೂರರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಶುರು ಮಾಡಿದಾಗ ದೊಡ್ಡವನಿಗೆ ಆರು, ಚಿಕ್ಕವನಿಗೆ ಮೂರು. ಮೂರು ವಾರ ಎತ್ತಿಟ್ಟುಕೊಳ್ಳಿ. ನೆಂಟರು ಬರುವ ವಾರ, ಊರಿಗೆ ಹೋಗುವ ವಾರ, ಮನೆ ಬದಲಿಸುವ ವಾರ ಬೇಡ.

## ಮೊದಲೇ ಹೊಂದಿಸಿಕೊಳ್ಳಬೇಕಾದ್ದು

ಸಾಮಾನು ಜಾಸ್ತಿ ಬೇಡ. ಒಂದು ನೋಟ್‌ಬುಕ್. ಮಂದ ಬೆಳಕಿನ ಒಂದು ನೈಟ್ ಲ್ಯಾಂಪ್, ಹಳದಿ ಅಥವಾ ಕೆಂಪು ಛಾಯೆಯದು, ನೀಲಿ-ಬಿಳಿ ಬೇಡ. ಕಿಟಕಿಗೆ ದಪ್ಪ ಪರದೆ. ಇಬ್ಬರಿಗೂ ಬೇರೆ ಬೇರೆ ದಿಂಬು, ಬೇರೆ ಬೇರೆ ಹೊದಿಕೆ. ಈ ಹೊದಿಕೆ ವಿಷಯದಲ್ಲಿ ರಾಜಿ ಬೇಡ, ಅರ್ಧ ಜಗಳ ಒಂದೇ ಹೊದಿಕೆಯಿಂದ ಹುಟ್ಟುತ್ತದೆ. ಕೊನೆಗೆ, ಅಂಗೈ ಅಗಲದ ಎರಡು ರಟ್ಟಿನ ಚೀಟಿ. ಅವು ಯಾಕೆ ಅಂತ ಹಂತ 6ರಲ್ಲಿ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯ, ಮನೆಯ ದೊಡ್ಡವರೆಲ್ಲ ಒಂದೇ ಮಾತಿಗೆ ಬರಬೇಕು. ಅಮ್ಮ ಬೇಡ ಅಂದದ್ದನ್ನು ಅಪ್ಪನೋ ಅಜ್ಜಿಯೋ ಆಗಲಿ ಬಿಡು ಅಂದರೆ ಯಾವ ಹಂತವೂ ನಿಲ್ಲುವುದಿಲ್ಲ.

## ಹಂತ 1: ಐದು ದಿನ ಸುಮ್ನೆ ಬರೆದಿಡಿ

ಏನನ್ನೂ ಬದಲಿಸಬೇಡಿ. ನೋಟ್‌ಬುಕ್‌ನಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಪುಟ. ನಾಲ್ಕೇ ಸಂಗತಿ ಬರೆಯಿರಿ: ಹಾಸಿಗೆಗೆ ಹೋದದ್ದು ಎಷ್ಟು ಹೊತ್ತಿಗೆ, ನಿಜವಾಗಿ ನಿದ್ದೆ ಹತ್ತಿದ್ದು ಎಷ್ಟಕ್ಕೆ, ಬೆಳಿಗ್ಗೆ ಎದ್ದದ್ದು ಎಷ್ಟಕ್ಕೆ, ಹಗಲು ನಿದ್ದೆ ಎಷ್ಟು ಹೊತ್ತು.

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ, ಸಿಕ್ಕಿಹಾಕಿಕೊಳ್ಳುವವರೂ ಅವರೇ. ಐದನೇ ದಿನ ಪುಟ ನೋಡಿದರೆ ಯಾರಿಗೆ ಬೇಗ ನಿದ್ದೆ ಹತ್ತುತ್ತದೆ, ಯಾರು ಯಾರನ್ನು ಎಚ್ಚರವಾಗಿಡುತ್ತಾರೆ ಅನ್ನುವುದು ಗೊತ್ತಾಗುತ್ತದೆ. ತುಂಟತನವೆಲ್ಲ ಚಿಕ್ಕವನದ್ದು ಅಂದುಕೊಂಡಿದ್ದೆ. ನಿದ್ದೆ ಬಾರದೆ ಹೊರಳಾಡಿ ತಮ್ಮನನ್ನು ಕೆಣಕುತ್ತಿದ್ದವನು ದೊಡ್ಡವನು. ನನಗೆ ಇದು ಪುಟ ನೋಡಿದ ಮೇಲೇ ತಿಳಿದದ್ದು.

## ಹಂತ 2: ಬೆಳಿಗ್ಗೆ ಏಳುವ ಹೊತ್ತನ್ನು ಗಟ್ಟಿ ಮಾಡಿ

ಮಗುವನ್ನು ಇಷ್ಟು ಹೊತ್ತಿಗೆ ಏಳಿಸಬಹುದು. ಇಷ್ಟು ಹೊತ್ತಿಗೇ ನಿದ್ದೆ ಮಾಡು ಅಂತ ಮಾಡಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಕೈಯಲ್ಲಿರುವ ತುದಿಯನ್ನು ಮೊದಲು ಹಿಡಿಯಿರಿ. ಇಬ್ಬರೂ ಏಳಬೇಕಾದ ಒಂದು ಹೊತ್ತು ಗೊತ್ತುಮಾಡಿ. ರಜೆ ದಿನವೂ ಅದೇ, ಹೆಚ್ಚೆಂದರೆ ಅರ್ಧ ಗಂಟೆ ಆಚೀಚೆ. ಎದ್ದ ತಕ್ಷಣ ಪರದೆ ಸರಿಸಿ, ಹೊರಗಿನ ಬೆಳಕಿಗೆ ಕರೆತನ್ನಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ದೇಹದ ಒಳಗಡಿಯಾರ ಸರಿಹೊಂದುತ್ತದೆ, ರಾತ್ರಿ ನಿದ್ದೆಯೂ ಹೊತ್ತಿಗೆ ಬರುತ್ತದೆ.

ಈಗ ಹಿಂದಕ್ಕೆ ಎಣಿಸಿ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 3ರಿಂದ 5 ವರ್ಷದವರಿಗೆ ಹಗಲು ನಿದ್ದೆ ಸೇರಿಸಿ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ. ಬೆಳಿಗ್ಗೆ 6:30ಕ್ಕೆ ಏಳಬೇಕಾದ, 10 ಗಂಟೆ ನಿದ್ದೆ ಬೇಕಾದ ಆರು ವರ್ಷದವನು 8:30ರ ಹೊತ್ತಿಗೆ ನಿದ್ದೆಯಲ್ಲಿರಬೇಕು. ಹಾಸಿಗೆಗೆ ಹೋಗುವ ಹೊತ್ತಲ್ಲ, ನಿದ್ದೆ ಹತ್ತಿರಬೇಕಾದ ಹೊತ್ತು. ಇದು ನಿಮ್ಮ ಗುರಿ. ಮೊದಲ ದಿನವೇ ಅಲ್ಲಿಗೆ ಹಾರಬೇಡಿ.

ಚಿಕ್ಕವನು ಹಗಲು ಮಲಗುತ್ತಾನಾ? ಆ ನಿದ್ದೆಯನ್ನು ಮಧ್ಯಾಹ್ನ 3 ಗಂಟೆಯೊಳಗೆ ಮುಗಿಸಿ. ಸಂಜೆ 5ಕ್ಕೆ ಗಾಡಿಯಲ್ಲೋ ಸೋಫಾದ ಮೇಲೋ ಅರ್ಧ ಗಂಟೆ ತೂಕಡಿಸಿದರೂ ಸಾಕು, ರಾತ್ರಿ ನಿದ್ದೆ ಹಾರಿಹೋಗುತ್ತದೆ.

## ಹಂತ 3: ಕೋಣೆ ನೋಡಿಕೊಳ್ಳಿ

ಕೋಣೆ ತಂಪಾಗಿ, ಕತ್ತಲಾಗಿ, ಸದ್ದಿಲ್ಲದೆ ಇರಬೇಕು. ಇಬ್ಬರ ತಲೆಗಳೂ ಒಂದೇ ಕಡೆಗೆ ಇದ್ದರೆ ಮುಖ ನೋಡಿ ನಗುವುದು ತಪ್ಪುವುದಿಲ್ಲ. ಜಾಗವಿದ್ದರೆ ಹಾಸಿಗೆಗಳನ್ನು ಎದುರುಬದುರು ಗೋಡೆಗೆ ಹಾಕಿ. ಇಲ್ಲದಿದ್ದರೆ ಒಬ್ಬನ ತಲೆ ಇರುವ ಕಡೆ ಇನ್ನೊಬ್ಬನ ಕಾಲು ಬರುವಂತೆ ಮಾಡಿ. ಒಂದೇ ಹಾಸಿಗೆಯಾದರೆ ನಡುವೆ ಒಂದು ಉದ್ದ ದಿಂಬು. ಸದ್ದು ಮಾಡುವ, ಬೆಳಕು ಬಿಡುವ ಆಟಿಕೆಗಳು ಕೋಣೆಯಿಂದ ಹೊರಗೆ. ಒಬ್ಬೊಬ್ಬನಿಗೆ ಒಂದು ಮೆತ್ತನೆಯ ಗೊಂಬೆ ಇದ್ದರೆ ಸಾಕು.

ಕೆಲವು ಎಚ್ಚರಿಕೆಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ಅಂತಸ್ತಿನ ಮಂಚವಿದ್ದರೆ 6 ವರ್ಷದೊಳಗಿನ ಮಗುವನ್ನು ಮೇಲೆ ಮಲಗಿಸಬೇಡಿ. ಕಪಾಟು, ಡ್ರಾಯರ್‌ಗಳನ್ನು ಗೋಡೆಗೆ ಬಿಗಿಯಿರಿ. ಇಬ್ಬರು ಹುಡುಗರು ಕತ್ತಲಲ್ಲಿ ಹತ್ತದ ಜಾಗವಿಲ್ಲ. ಪರದೆಯ ದಾರ ಕೈಗೆ ಸಿಗದಂತೆ ಮೇಲೆ ಕಟ್ಟಿ, ಅದು ಕುತ್ತಿಗೆಗೆ ಸುತ್ತಿಕೊಂಡರೆ ಜೀವಕ್ಕೇ ಅಪಾಯ. ಚಿಕ್ಕವನಿಗೆ ಇನ್ನೂ ಒಂದು ವರ್ಷ ತುಂಬಿಲ್ಲದಿದ್ದರೆ ಅಣ್ಣನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿಸಲೇಬೇಡಿ. ಅಷ್ಟು ಚಿಕ್ಕ ಮಗುವಿಗೆ ಬೇರೆ ಹಾಸಿಗೆ ಬೇಕು. ಅಂಗಾತ ಮಲಗಿಸಬೇಕು, ದಿಂಬು, ಗೊಂಬೆ, ಸಡಿಲ ಹೊದಿಕೆ ಯಾವುದೂ ಇರಬಾರದು.

## ಹಂತ 4: ಮಲಗುವ ಮುಂಚಿನ ಒಂದು ಗಂಟೆ

ಇಲ್ಲಿ ಏನು ಮಾಡುತ್ತೀರಿ ಅನ್ನುವುದಕ್ಕಿಂತ ಯಾವುದರ ನಂತರ ಯಾವುದು ಅನ್ನುವುದು ಮುಖ್ಯ. ಸದ್ದಿನಿಂದ ಮೌನದ ಕಡೆಗೆ, ಬೆಳಕಿನಿಂದ ಕತ್ತಲಿನ ಕಡೆಗೆ ಹೋಗಬೇಕು. ನಡುವೆ ಒಮ್ಮೆಯೂ ಹಿಂದೆ ತಿರುಗಬಾರದು.

ಮೊದಲು ಕುಸ್ತಿ. ಹೌದು, ಬೇಕೆಂತಲೇ. ಅಣ್ಣ-ತಮ್ಮಂದಿರು ಮೈಮೇಲೆ ಬಿದ್ದು ಹೊರಳಾಡಲೇಬೇಕು. ತಡೆದರೆ ಅದು ದೀಪ ಆರಿದ ಮೇಲೆ ಶುರುವಾಗುತ್ತದೆ. ಆ ಒಂದು ಗಂಟೆ ಶುರುವಾಗುವ ಮುಂಚೆಯೇ ಹದಿನೈದು ಇಪ್ಪತ್ತು ನಿಮಿಷ ಬಿಟ್ಟುಬಿಡಿ. ಕೂಗಲಿ, ಓಡಲಿ.

ಆಮೇಲೆ ಟಿವಿ, ಫೋನ್, ಟ್ಯಾಬ್ ಎಲ್ಲ ಬಂದ್. ಪರದೆಯ ಬೆಳಕು ಮೆಲಟೋನಿನ್ ಅನ್ನುವ ನಿದ್ದೆಯ ಹಾರ್ಮೋನನ್ನು ತಡೆಯುತ್ತದೆ. ಮನೆಯ ದೊಡ್ಡ ದೀಪಗಳೂ ಆರಲಿ. ದೊಡ್ಡವರ ಫೋನೂ ಕಣ್ಣಿಗೆ ಬೀಳಬಾರದು.

ನಂತರ ಬೆಚ್ಚಗಿನ ನೀರಿನ ಸ್ನಾನ, ಇಲ್ಲವೇ ಕೈಕಾಲು ಮುಖ ತೊಳೆಸುವುದು. ಬಿಸಿನೀರು ತಾಗಿದ ಮೈ ಆಮೇಲೆ ನಿಧಾನವಾಗಿ ತಣಿಯುತ್ತದಲ್ಲ, ಆಗ ಜೋಂಪು ಹತ್ತುತ್ತದೆ. ಇಬ್ಬರನ್ನೂ ಒಟ್ಟಿಗೆ ಸ್ನಾನಕ್ಕೆ ಬಿಟ್ಟರೆ ಅದು ನೀರಾಟವಾಗುತ್ತದೆ. ತಮ್ಮನದು ಮೊದಲು ಮುಗಿಸಿ. ಹಲ್ಲುಜ್ಜುವುದು, ಒಂದು ಗುಟುಕು ನೀರು, ಶೌಚಾಲಯ, ಕೊನೆಗೆ ಕೋಣೆ. ಕೋಣೆಯೊಳಗೆ ಕಾಲಿಟ್ಟ ಮೇಲೆ ಮತ್ತೆ ಹಾಲ್‌ಗೆ ಬರುವಂತಿಲ್ಲ. ಮರೆತ ಗೊಂಬೆಯನ್ನು ನೀವೇ ತಂದುಕೊಡಿ.

ನಿದ್ದೆ ಮೀರಿದ ಮಗು ಆಕಳಿಸುವುದಿಲ್ಲ. ಓಡುತ್ತದೆ, ಕಾರಣವಿಲ್ಲದೆ ನಗುತ್ತದೆ, ಸಣ್ಣದಕ್ಕೂ ರಚ್ಚೆ ಹಿಡಿಯುತ್ತದೆ. ಇನ್ನೂ ಚುರುಕಾಗಿದ್ದಾನೆ, ಸ್ವಲ್ಪ ಹೊತ್ತು ಆಡಲಿ ಅಂತ ಬಿಡುವುದೇ ದೊಡ್ಡ ತಪ್ಪು. ಕಣ್ಣುಜ್ಜುವುದು, ಕಿವಿ ಹಿಡಿದುಕೊಳ್ಳುವುದು, ಒಂದೇ ಕಡೆ ನೋಡುತ್ತಾ ಕೂರುವುದು, ಇವು ಮೊದಲ ಸೂಚನೆಗಳು. ಅವು ಕಂಡಾಗಲೇ ಎತ್ತಿಕೊಂಡು ಹೋಗಿ.

## ಹಂತ 5: ತಮ್ಮ ಮೊದಲು, ಅಣ್ಣ ಅರ್ಧ ಗಂಟೆ ಆಮೇಲೆ

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಇಬ್ಬರೂ ಎಚ್ಚರವಾಗಿ ಒಂದೇ ಕತ್ತಲೆ ಕೋಣೆಯಲ್ಲಿದ್ದರೆ ಒಬ್ಬನಿಗೊಬ್ಬ ಆಟಿಕೆ. ಒಬ್ಬ ನಿದ್ದೆಯಲ್ಲಿದ್ದರೆ ಇನ್ನೊಬ್ಬನಿಗೆ ಆಡಲು ಯಾರೂ ಇಲ್ಲ.

ತಮ್ಮನನ್ನು ಮೊದಲು ಕರೆದುಕೊಂಡು ಹೋಗಿ. ಒಂದು ಕತೆ. "ಇನ್ನೊಂದು" ಅಂದರೂ ಒಂದೇ, ನಾಳೆ ಅದೇ ಕತೆ ಬೇಕು ಅಂದರೆ ಅದೇ. ದೀಪ ಆರಿಸಿ. ಮೊದಲ ಮೂರು ರಾತ್ರಿ ಹಾಸಿಗೆ ಪಕ್ಕದಲ್ಲೇ ಕೂತಿರಿ. ಮುಂದಿನ ಮೂರು ರಾತ್ರಿ ಕೋಣೆಯ ನಡುವೆ. ಆಮೇಲೆ ಬಾಗಿಲ ಹತ್ತಿರ, ಕೊನೆಗೆ ಬಾಗಿಲಾಚೆ. ನಿಮ್ಮ ಕೈ ಹಿಡಿದೇ ನಿದ್ದೆ ಹೋದ ಮಗು ನಡುರಾತ್ರಿ ಎಚ್ಚರವಾದಾಗಲೂ ಅದೇ ಕೈ ಹುಡುಕುತ್ತದೆ. ಹೀಗೆ ನಿಧಾನವಾಗಿ ದೂರ ಸರಿದರೆ ಅಳು ಕಡಿಮೆ.

ನಿದ್ದೆ ಬಂತೋ ಇಲ್ಲವೋ ನೋಡುವುದು ಹೇಗೆ? ಕಣ್ಣು ಮುಚ್ಚಿದ್ದರೆ ಸಾಲದು, ಮಕ್ಕಳು ಚೆನ್ನಾಗಿ ನಟಿಸುತ್ತಾರೆ. ನಮ್ಮ ಚಿಕ್ಕವನು ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಾನೆ. ಮೊದಲು ಜೋರಾಗಿ, ಆಮೇಲೆ ನಿಂತು ನಿಂತು. ಬೆರಳು ಬಿಟ್ಟುಕೊಂಡಾಗ ಮುಂಗೈಯನ್ನು ಮೆಲ್ಲಗೆ ಎತ್ತಿ ಬಿಡುತ್ತೇನೆ. ಒದ್ದೆ ಬಟ್ಟೆಯ ಹಾಗೆ ಬಿದ್ದರೆ ನಿದ್ದೆ. ಗಟ್ಟಿಯಾಗಿ ನಿಂತರೆ ಇನ್ನೂ ಹತ್ತು ನಿಮಿಷ.

ಈ ಅರ್ಧ ಗಂಟೆ ಅಣ್ಣ ಎಲ್ಲಿರಬೇಕು? ಬೇರೆ ಕೋಣೆಯಲ್ಲಿ, ಮಂದ ಬೆಳಕಲ್ಲಿ, ಚಿತ್ರ ಬಿಡಿಸುತ್ತಲೋ ಪುಸ್ತಕ ನೋಡುತ್ತಲೋ. ಟಿವಿ, ಫೋನ್ ಬೇಡವೇ ಬೇಡ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಅವನ ಜೊತೆ ಕೂರಲಿ. ನೀವೊಬ್ಬರೇ ಆಗಿದ್ದರೆ ಬಾಗಿಲ ಹೊರಗೆ, ನಿಮಗೆ ಕಾಣುವ ಹಾಗೆ, ಒಂದು ಚಾಪೆ ಹಾಸಿ ಕೂರಿಸಿ. ತಮ್ಮ ಮಲಗಿದ ಮೇಲೆ ಹತ್ತು ನಿಮಿಷ ಅವನೊಬ್ಬನಿಗೇ ಕೊಡಿ. ಇದು ಲಂಚ ಅಲ್ಲ. ತಮ್ಮ ಹುಟ್ಟಿದಾಗಿನಿಂದ ಅವನಿಗೆ ನೀವು ಪೂರ್ತಿಯಾಗಿ ಸಿಕ್ಕಿರುವುದಿಲ್ಲ. ಹಗಲೆಲ್ಲ ಕೇಳಿದರೂ ಏನೂ ಇಲ್ಲ ಅನ್ನುತ್ತಿದ್ದ ನಮ್ಮ ದೊಡ್ಡವನು, ಗೆಳೆಯನೊಬ್ಬ ತನ್ನ ಜೊತೆ ಮಾತು ಬಿಟ್ಟ ವಿಷಯವನ್ನು ಮೊದಲು ಹೇಳಿದ್ದು ಆ ಹತ್ತು ನಿಮಿಷದಲ್ಲಿ.

ಈ ಏರ್ಪಾಟನ್ನು ಇಬ್ಬರಿಗೂ ಹಗಲಲ್ಲೇ ಹೇಳಿ. ಅಣ್ಣನಿಗೆ "ನೀನು ದೊಡ್ಡವನು, ಅರ್ಥ ಮಾಡ್ಕೋಬೇಕು" ಅನ್ನಬೇಡಿ, ಆ ಮಾತು ಅವನು ಬೇಕಾದಷ್ಟು ಕೇಳಿದ್ದಾನೆ. "ಇದು ನಿನ್ನ ಹೊತ್ತು, ಆಮೇಲೆ ಕಳ್ಳಹೆಜ್ಜೆ ಇಟ್ಟು ಹಾಸಿಗೆಗೆ ಹೋಗೋದು ನಿನ್ನ ಕೆಲಸ" ಅನ್ನಿ. ಶೌಚಾಲಯ, ನೀರು ಎಲ್ಲ ಮುಗಿಸಿಯೇ ಅವನು ಒಳಗೆ ಬರಬೇಕು. "ಅಣ್ಣ ಯಾಕೆ ಇನ್ನೂ ಮಲಗಿಲ್ಲ?" ಅಂತ ತಮ್ಮ ಕೇಳೇ ಕೇಳುತ್ತಾನೆ. ದಿನವೂ ಒಂದೇ ಉತ್ತರ: "ನಿನ್ನ ಹೊತ್ತು ಈಗ, ಅವನ ಹೊತ್ತು ಆಮೇಲೆ." ವಾದಕ್ಕೆ ಇಳಿಯಬೇಡಿ.

ಅವಳಿಗಳಾದರೆ ಅಥವಾ ವಯಸ್ಸಿನ ಅಂತರ ತೀರಾ ಕಡಿಮೆಯಾದರೆ, ಬೇಗ ನಿದ್ದೆ ಹತ್ತುವವನು ಮೊದಲು. ಚಿಕ್ಕವನು ಹಗಲು ಚೆನ್ನಾಗಿ ಮಲಗಿ ರಾತ್ರಿ ತಡವಾಗಿ ಮಲಗುವವನಾದರೆ ಅಣ್ಣನೇ ಮೊದಲು. ಉತ್ತರ ನಿಮ್ಮ ನೋಟ್‌ಬುಕ್‌ನಲ್ಲಿದೆ.

## ಹಂತ 6: ದೀಪ ಆರಿದ ಮೇಲಿನ ಕರೆಗಳು

ನೀರು ಬೇಕು. ಶೌಚ ಬಂತು. ಕಾಲು ನೋವು. ಒಂದು ಮಾತು ಹೇಳಬೇಕು. ಈಗ ರಟ್ಟಿನ ಚೀಟಿಗಳನ್ನು ಕೈಗೆ ಕೊಡಿ. ಒಬ್ಬನಿಗೆ ರಾತ್ರಿಗೆ ಒಂದು ಚೀಟಿ. ಅದನ್ನು ಕೊಟ್ಟರೆ ಒಂದು ಸಣ್ಣ ಕೋರಿಕೆ ನಡೆಯುತ್ತದೆ: ಒಂದು ಗುಟುಕು ನೀರು, ಒಂದು ಅಪ್ಪುಗೆ. ಚೀಟಿ ಮುಗಿಯಿತೋ ಆ ರಾತ್ರಿಗೆ ಮುಗಿಯಿತು. ಚೀಟಿಯ ಮೇಲಿನ ಚಿತ್ರವನ್ನು ಅವರೇ ಬಿಡಿಸಲಿ. ನಮ್ಮ ಚಿಕ್ಕವನು ಚಂದ್ರನನ್ನು ಬಿಡಿಸಿದ್ದ. ಮೊದಮೊದಲು ಎರಡೇ ನಿಮಿಷಕ್ಕೆ ಚೀಟಿ ಹಿಡಿದು ಬರುತ್ತಿದ್ದವನು, ಒಂದು ವಾರದ ಮೇಲೆ ಅದನ್ನು ದಿಂಬಿನಡಿ ಹಾಗೇ ಉಳಿಸಿಕೊಳ್ಳತೊಡಗಿದ. ಬೇಕಾದರೆ ಕರೆಯಬಹುದು ಅನ್ನುವ ಧೈರ್ಯ ಇದ್ದರೆ ಕರೆಯುವ ಅಗತ್ಯವೇ ಬೀಳುವುದಿಲ್ಲ. ನಿಜವಾಗಿ ಶೌಚಕ್ಕೆ ಹೋಗಬೇಕಾದರೆ, ಮೈ ಹುಷಾರಿಲ್ಲದಿದ್ದರೆ, ಭಯವಾದರೆ ಚೀಟಿ ಕೇಳಬಾರದು. ಇದನ್ನೂ ಮೊದಲೇ ಹೇಳಿರಿ.

ಚೀಟಿ ಮುಗಿದ ಮೇಲೂ ಎದ್ದು ಬಂದರೆ ಕೈ ಹಿಡಿದು ಕರೆದೊಯ್ದು ಮಲಗಿಸಿ. ಮಾತಿಲ್ಲ, ದೊಡ್ಡ ದೀಪವಿಲ್ಲ, ಸಿಟ್ಟಿಲ್ಲ. ಹತ್ತು ಸಲ ಬಂದರೆ ಹತ್ತು ಸಲವೂ ಹೀಗೇ. ಮೂರನೇ ನಾಲ್ಕನೇ ರಾತ್ರಿ ಹಟ ಕಡಿಮೆಯಾಗುವ ಬದಲು ಜಾಸ್ತಿ ಆಗಬಹುದು. ಬಿಟ್ಟುಬಿಡುವವರು ಅಲ್ಲೇ ಬಿಟ್ಟುಬಿಡುತ್ತಾರೆ. ನಲವತ್ತು ನಿಮಿಷ ಅತ್ತ ಮೇಲೆ ಫೋನ್ ಕೊಟ್ಟರೆ, ನಲವತ್ತು ನಿಮಿಷ ಅತ್ತರೆ ಫೋನ್ ಸಿಗುತ್ತದೆ ಅಂತ ಕಲಿಸಿದ ಹಾಗೆ.

ಇಬ್ಬರೂ ಎಚ್ಚರವಿದ್ದು ಪಿಸುಗುಟ್ಟುತ್ತಿದ್ದರೆ ಹತ್ತು ನಿಮಿಷ ಬಿಡಿ. ಕತ್ತಲಲ್ಲಿ ಅಣ್ಣ-ತಮ್ಮ ಆಡುವ ಮಾತು ಅವರಿಗೆ ಬೇಕಾದದ್ದೇ. ಕಾಲು ನೆಲಕ್ಕೆ ತಾಗುವವರೆಗೂ ನಾನು ಒಳಗೆ ಹೋಗುವುದಿಲ್ಲ. ಜಗಳವಾದರೆ ಯಾರು ಮೊದಲು ಹೊಡೆದದ್ದು ಅಂತ ವಿಚಾರಣೆ ಮಾಡಬೇಡಿ. ಆ ಹೊತ್ತಿನಲ್ಲಿ ಅದು ಇಬ್ಬರ ನಿದ್ದೆಯನ್ನೂ ಕೆಡಿಸುತ್ತದೆ. ಪೆಟ್ಟಾಗಿದೆಯಾ ನೋಡಿ. ಜಾಸ್ತಿ ಎಚ್ಚರವಿರುವವನನ್ನು ಹದಿನೈದು ನಿಮಿಷ ಹೊರಗೆ, ಮಂದ ಬೆಳಕಲ್ಲಿ, ನಿಮ್ಮ ಪಕ್ಕ ಕೂರಿಸಿಕೊಳ್ಳಿ. ಅದು ಶಿಕ್ಷೆ ಅಂತ ಅನ್ನಿಸಬಾರದು. ಹಗಲಲ್ಲೂ ಅಷ್ಟೇ, ತಪ್ಪು ಮಾಡಿದಾಗ "ಹೋಗು, ಮಲ್ಕೋ" ಅನ್ನಬೇಡಿ. ಹಾಸಿಗೆ ಶಿಕ್ಷೆಯಾದರೆ ರಾತ್ರಿ ಯಾವ ಮಗು ಖುಷಿಯಿಂದ ಹೋಗುತ್ತದೆ?

## ಹಂತ 7: ಹೊತ್ತನ್ನು ಹಿಂದಕ್ಕೆ ತನ್ನಿ

ಮೊದಲ ವಾರ ಮಲಗಿಸಬೇಕಾದದ್ದು ಗುರಿಯ ಹೊತ್ತಿಗಲ್ಲ. ನೋಟ್‌ಬುಕ್‌ನಲ್ಲಿ ನಿದ್ದೆ ಹತ್ತಿದ ಹೊತ್ತು ಯಾವುದಿದೆಯೋ ಅದಕ್ಕೆ. 10ಕ್ಕೆ ನಿದ್ದೆ ಹತ್ತುತ್ತಿದ್ದರೆ 9:45ಕ್ಕೆ ಹಾಸಿಗೆ. ತಡವಾಯಿತು ಅಂತ ಬೇಸರ ಬೇಡ. ಹಾಸಿಗೆಗೆ ಬಂದ ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರುತ್ತದೆ ಅನ್ನುವುದು ಮೈಗೆ ಅಭ್ಯಾಸವಾಗಲಿ.

ಸತತ ಮೂರು ರಾತ್ರಿ ಹಾಗೆ ನಡೆದರೆ ಇಬ್ಬರ ಹೊತ್ತನ್ನೂ 15 ನಿಮಿಷ ಹಿಂದಕ್ಕೆ ತನ್ನಿ. ಮತ್ತೆ ಮೂರು ರಾತ್ರಿ, ಮತ್ತೆ 15 ನಿಮಿಷ. ಗುರಿ ದೂರವಿದ್ದರೆ ಮೂರು ವಾರಕ್ಕಿಂತ ಸ್ವಲ್ಪ ಜಾಸ್ತಿಯೇ ಹಿಡಿದೀತು, ಹಿಡಿಯಲಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಕದಲಬಾರದು. ಯಾವ ಮೆಟ್ಟಿಲಲ್ಲಾದರೂ ನಿದ್ದೆ ಹತ್ತಲು ಅರ್ಧ ಗಂಟೆ ಮೀರಿದರೆ ಅದಕ್ಕೆ ಮುಂಚಿನ ಮೆಟ್ಟಿಲಿನ ಹೊತ್ತಿಗೆ ಮರಳಿ ಅಲ್ಲೇ ನಾಲ್ಕು ದಿನ ನಿಲ್ಲಿ.

## ಹಂತ 8: ನಡುರಾತ್ರಿ ಒಬ್ಬ ಎದ್ದರೆ

ಇನ್ನೊಬ್ಬನೂ ಏಳುತ್ತಾನೆ ಅಂತ ಓಡಿಹೋಗಬೇಡಿ. ಗಾಢ ನಿದ್ದೆಯಲ್ಲಿರುವ ಮಗು ಪಕ್ಕದವನ ಅಳುವಿಗೆ ಸಾಮಾನ್ಯವಾಗಿ ಏಳುವುದಿಲ್ಲ. ನೀವು ದೀಪ ಹಾಕಿದರೆ, ಜೋರಾಗಿ ಮಾತಾಡಿದರೆ ಏಳುತ್ತಾನೆ.

ಕೆಟ್ಟ ಕನಸು ಬಿದ್ದ ಮಗು ಪೂರ್ತಿ ಎಚ್ಚರವಾಗಿ ನಿಮ್ಮನ್ನು ಕರೆಯುತ್ತದೆ, ಏನಾಯಿತು ಅಂತ ಹೇಳುತ್ತದೆ. ಇದು ಹೆಚ್ಚಾಗಿ ಬೆಳಗಿನ ಜಾವದ ಕಡೆಗೆ. ಅಪ್ಪಿಕೊಂಡು ಸಮಾಧಾನ ಮಾಡಿ. ಇನ್ನೊಂದು ಬಗೆಯಿದೆ. ಮಲಗಿದ ಎರಡು ಮೂರು ಗಂಟೆಯೊಳಗೆ ಮಗು ಕಿರುಚುತ್ತದೆ, ಕಣ್ಣು ತೆರೆದಿರುತ್ತದೆ, ಆದರೆ ನಿಮ್ಮ ಗುರುತು ಹಿಡಿಯುವುದಿಲ್ಲ, ಮುಟ್ಟಿದರೆ ತಳ್ಳುತ್ತದೆ. ಅದು ಅರೆನಿದ್ದೆಯ ಭೀತಿ. ಎಬ್ಬಿಸಬೇಡಿ, ಅಲ್ಲಾಡಿಸಬೇಡಿ. ಬೀಳದಂತೆ ಪಕ್ಕದಲ್ಲಿದ್ದರೆ ಸಾಕು, ತಾನಾಗಿ ಮಲಗುತ್ತದೆ. ಬೆಳಿಗ್ಗೆ ಅವನಿಗೆ ನೆನಪಿರುವುದಿಲ್ಲ. ಆದರೆ ನೋಡಿದ ಅಣ್ಣನಿಗೆ ಭಯವಾಗಿರುತ್ತದೆ, ಅವನಿಗೆ ಹಗಲಲ್ಲಿ ಬಿಡಿಸಿ ಹೇಳಿ. ನಿದ್ದೆ ಕಡಿಮೆಯಾದ ದಿನಗಳಲ್ಲಿ ಇದು ಹೆಚ್ಚು.

## ವೈದ್ಯರಿಗೆ ತೋರಿಸಬೇಕಾದ ಸೂಚನೆಗಳು

ಕೆಲವು ಸಮಸ್ಯೆ ಅಭ್ಯಾಸದಿಂದ ಸರಿಹೋಗುವಂಥವಲ್ಲ. ಹೆಚ್ಚಿನ ರಾತ್ರಿ ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಏದುಸಿರು ಬಿಡುವುದು, ಬಾಯಿ ತೆರೆದೇ ಮಲಗುವುದು ಇದ್ದರೆ ತಡಮಾಡಬೇಡಿ. ಗಂಟಲಿನ ಟಾನ್ಸಿಲ್, ಮೂಗಿನ ಹಿಂಬದಿಯ ಅಡಿನಾಯ್ಡ್ ಊದಿಕೊಂಡಿರಬಹುದು. ಮಲಗಿದಾಗ ಕಾಲಿನಲ್ಲಿ ಏನೋ ಹರಿದಾಡಿದಂತೆ ಆಗುತ್ತದೆ, ಆಡಿಸದೆ ಇರಲು ಆಗುವುದಿಲ್ಲ ಅಂದರೆ ಕಬ್ಬಿಣದ ಅಂಶ ಕಡಿಮೆ ಇರಬಹುದು, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಿದ್ದೆಯಲ್ಲಿ ಮೈ ಸೆಟೆದುಕೊಂಡು ಕೈಕಾಲು ಅದುರಿದರೆ, ಸಾಕಷ್ಟು ನಿದ್ದೆಯಾದರೂ ಹಗಲೆಲ್ಲ ತೂಕಡಿಸಿದರೆ ತೋರಿಸಲೇಬೇಕು.

ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದು ಸಾಮಾನ್ಯ, ಅಣ್ಣನ ಮುಂದೆ ತಮ್ಮನನ್ನು ನಾಚಿಸಬೇಡಿ. ಆರು ತಿಂಗಳು ಒಣಗಿದ್ದು ಮತ್ತೆ ಶುರುವಾದರೆ ವೈದ್ಯರನ್ನು ಕೇಳಿ. ನಿದ್ದೆ ಬರಲಿ ಅಂತ ಕೆಮ್ಮಿನ ಸಿರಪ್ಪನ್ನೋ ನಿದ್ದೆಯ ಔಷಧವನ್ನೋ ನೀವಾಗಿಯೇ ಕೊಡಬೇಡಿ, ಒಂದು ರಾತ್ರಿಗೂ ಬೇಡ.

## ನಡುವೆ ಕ್ರಮ ತಪ್ಪಿದರೆ

ಜ್ವರ ಬರುತ್ತದೆ, ಪ್ರಯಾಣ ಬರುತ್ತದೆ. ಹುಷಾರಿಲ್ಲದ ದಿನ ಚೀಟಿಯೂ ಇಲ್ಲ, ಹಂತವೂ ಇಲ್ಲ, ಪಕ್ಕದಲ್ಲೇ ಮಲಗಿಸಿಕೊಳ್ಳಿ. ಕೆಮ್ಮುವವನನ್ನು ಬೇರೆ ಕೋಣೆಗೆ ತಂದರೆ ಇನ್ನೊಬ್ಬನ ನಿದ್ದೆಯಾದರೂ ಉಳಿಯುತ್ತದೆ. ಮೈ ಸರಿಯಾದ ಮರುದಿನ ಬೆಳಿಗ್ಗೆ ಅದೇ ಹಳೇ ಹೊತ್ತಿಗೆ ಇಬ್ಬರನ್ನೂ ಎಬ್ಬಿಸಿ. ರಾತ್ರಿ ಹಂತ 4ರಿಂದ ಹಿಡಿಯಿರಿ. ಒಂದೆರಡು ರಾತ್ರಿ ಹಟ ಇರುತ್ತದೆ, ಚೀಟಿ ಬೇಗ ಖರ್ಚಾಗುತ್ತದೆ. ಬಾಗಿಲ ಹತ್ತಿರ ಕೂರುವ ಹಂತಕ್ಕೆ ಬಂದಿದ್ದರೆ ಮತ್ತೆ ಹಾಸಿಗೆ ಪಕ್ಕಕ್ಕೆ ಹೋಗಬೇಡಿ, ಕೋಣೆಯ ನಡುವಿನಿಂದ ಶುರು ಮಾಡಿ.